ಅಲಾಯಿ ಪದ, ಚೌಡಿಕೆ ಮತ್ತು ಮೂರು ನಿಮಿಷದ ಖಾನ್‌ಸಾಹೇಬರು

ಕಳೆದ ಒಂದೆರಡು ವರ್ಷಗಳಲ್ಲಿ ನಾನು ಹೊಸದಾಗಿ ಕೇಳಿದ ಸಂಗೀತದಲ್ಲಿ ನಿಜಕ್ಕೂ ಹೊಸದಾಗಿ ಹುಟ್ಟಿದ್ದು ಬಹಳ ಕಡಿಮೆ. ಕೆಲವು ತೊಂಬತ್ತು ವರ್ಷ ಹಳೆಯ ಮುದ್ರಿಕೆಗಳು. ಕೆಲವು ಆಫ್ರಿಕಾದಿಂದ ಬಂದವು. ಹೆಚ್ಚಿನವು ಮಾತ್ರ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತ ಈಗಲೂ ವರ್ಷಕ್ಕೊಮ್ಮೆ ಯಾವುದೋ ಹಬ್ಬದಲ್ಲಿ, ಯಾವುದೋ ಹುಣ್ಣಿಮೆಯಲ್ಲಿ ಎದ್ದು ಮತ್ತೆ ಮಲಗುವಂಥ ಹಾಡುಗಳು. ಈ ಐದು ತಾಲೂಕುಗಳ ನೆಲ ಸರ್ಕಾರದ ನಕಾಶೆಯಲ್ಲಿ ಬಹಳ ಓಡಾಡಿದೆ. 1953ರವರೆಗೆ ಮದರಾಸಿನವರ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು, 1997ರಲ್ಲಿ ಹರಪನಹಳ್ಳಿ ಮಾತ್ರ ದಾವಣಗೆರೆಗೆ ಹೋಗಿ 2018ರಲ್ಲಿ ಮರಳಿ ಬಂತು, 2021ರಿಂದ ಎಲ್ಲವೂ ವಿಜಯನಗರ ಜಿಲ್ಲೆ. ಹಾಡುವವರು ಇದನ್ನು ತಲೆಗೆ ಹಚ್ಚಿಕೊಂಡಂತಿಲ್ಲ. ಹರಪನಹಳ್ಳಿ ಕಡೆಯ ಮಟ್ಟು ಕೂಡ್ಲಿಗಿಯಲ್ಲಿ, ಕೂಡ್ಲಿಗಿಯ ಪದ ಹಡಗಲಿಯಲ್ಲಿ ಸಿಗುತ್ತದೆ.

ಈ ಹಾಡುಗಳು ನನ್ನ ತನಕ ಬರುವ ದಾರಿಯೂ ಬದಲಾಗಿದೆ. ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿ. ಅದು ಹೋಗಿ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲ ಬಂತು. ಈಗ ಊರಿನ ಹುಡುಗರೇ ಫೋನು ಎತ್ತಿಹಿಡಿದು ಚಿತ್ರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಅರ್ಧ ಹಾಡಿಗೆ ಯಾರದೋ ತಲೆ ಅಡ್ಡ ಬರುತ್ತದೆ. ಟ್ರ್ಯಾಕ್ಟರಿನ ಸದ್ದು ಕೇಳುತ್ತದೆ. ಕೆಳಗೆ ಬರೆದಿರುವ ಒಕ್ಕಣೆ ಮಾತ್ರ ಎಲ್ಲ ಕಡೆ ಒಂದೇ: 'ಭಾವೈಕ್ಯತೆಯ ಸಂಕೇತ ನಮ್ಮೂರ ಮೊಹರಂ'. ಹಾಡಿದವರು ಯಾರು, ಪದ ಕಟ್ಟಿದವರು ಯಾರು, ಆ ಮಟ್ಟು ಎಲ್ಲಿಯದು ಎಂಬುದು ಇರುವುದಿಲ್ಲ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ಮೊಹರಮ್ಮನ್ನು ಈ ಕಡೆ ಅಲಾಯಿ ಹಬ್ಬ ಅನ್ನುತ್ತಾರೆ, ಪೀರಲ ದೇವರು ಅನ್ನುತ್ತಾರೆ. ಚಂದ್ರ ಕಂಡ ಮೇಲೆ ಕುಣಿಗೆ ಗುದ್ದಲಿ ಬೀಳುತ್ತದೆ, ಪಂಜಾಗಳು ಕೂರುತ್ತವೆ, ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲೂ ಅಲಾಯಿ ದೇವರು ಕೂರುವುದುಂಟು. ಆಗ ಓದಿಕೆ ಮಾಡಲು ಪಕ್ಕದೂರಿನ ಮುಲ್ಲಾನನ್ನು ಕರೆಸುತ್ತಾರೆ. ಇದನ್ನೆಲ್ಲ ರಹಮತ್ ತರೀಕೆರೆಯಂಥವರು ಊರೂರು ತಿರುಗಿ ಬರೆದಿದ್ದಾರೆ. ನಾನು ಇಲ್ಲಿ ಹೇಳಬೇಕೆಂದಿರುವುದು ಹಬ್ಬದ ಸಂಗತಿಯನ್ನಲ್ಲ, ಹಾಡಿನ ಸಂಗತಿಯನ್ನು.

ರಿವಾಯತ್ ಪದ ಹಾಡುವವರು ಎರಡು ಗುಂಪಾಗಿ ನಿಲ್ಲುತ್ತಾರೆ. ಮುಂದಾಳು ಒಂದು ಸಾಲು ಎತ್ತಿಕೊಡುತ್ತಾನೆ. ಒಂದು ಗುಂಪು ಅದನ್ನು ಹಾಗೇ ಹೇಳುತ್ತದೆ, ಇನ್ನೊಂದು ಗುಂಪು ಅದರ ಬಾಲ ಹಿಡಿದು ಮತ್ತೊಮ್ಮೆ ಹೇಳುತ್ತದೆ. ಜೊತೆಗೆ ಹೆಜ್ಜೆ. ಹಲಗೆಯ ಪೆಟ್ಟು ಮೊದಲು ನಿಧಾನ. ಕೂಡ್ಲಿಗಿ ಕಡೆಯ ಹಳ್ಳಿಯೊಂದರ ಮೇಳದ ಮುದ್ರಣವನ್ನು ನಾನು ಇಪ್ಪತ್ತು ಸಲವಾದರೂ ಕೇಳಿರಬೇಕು. ಅದರಲ್ಲಿ ಹಾಡುವುದು ಕಾಸೀಮನ ಮದುವೆಯ ಕಥೆ. ಇಮಾಮ್ ಹಸನರ ಮಗ ಕಾಸೀಮನಿಗೆ ಇಮಾಮ್ ಹುಸೇನರ ಮಗಳ ಜೊತೆ ಕರ್ಬಲಾದ ಬಯಲಿನಲ್ಲೇ ಮದುವೆಯಾಯಿತು, ಮೈಗೆ ಹಚ್ಚಿದ ಅರಿಸಿನ ಆರುವ ಮೊದಲೇ ಯುದ್ಧಕ್ಕೆ ಹೋಗಿ ಅವನು ಸತ್ತ ಎಂಬ ಕಥೆ. ಕ್ರಿ.ಶ. 680ರಲ್ಲಿ ನಡೆದ ಕರ್ಬಲಾದ ಚರಿತ್ರೆ ಬರೆಯುವವರು ಈ ಮದುವೆಯನ್ನು ಒಪ್ಪುವುದಿಲ್ಲ. ಆದರೆ ಹಾಡಿನಲ್ಲಿ ಏನಾಗುತ್ತದೆ ನೋಡಿ. ಮದುವೆಯ ಭಾಗಕ್ಕೆ ಅವರು ಬಳಸುವುದು ನಮ್ಮ ಹೆಂಗಸರು ಸುರಿಗೆ ನೀರಿಗೆ ಕೂರಿಸುವಾಗ ಹೇಳುವ ಸೋಬಾನೆಯ ಮಟ್ಟನ್ನು. ಸಾವಿನ ಭಾಗ ಬಂದಾಗ ಬೇರೆ ಮಟ್ಟು ಹುಡುಕುವುದಿಲ್ಲ. ಅದೇ ಸೋಬಾನೆಯನ್ನೇ ಎಳೆದು, ನಿಧಾನ ಮಾಡಿ, ಸಾಲಿನ ಕೊನೆಯ ಸ್ವರವನ್ನು ಕೆಳಕ್ಕೆ ಇಳಿಸಿ ಬಿಡುತ್ತಾರೆ. ಮದುವೆಯ ಹಾಡೇ ಹೆಣದ ಮುಂದಿನ ಹಾಡಾಗುತ್ತದೆ. ಹಲಗೆ ಆ ಹೊತ್ತಿಗೆ ಸುಮ್ಮನಾಗುತ್ತದೆ. ಅಷ್ಟು ಹೊತ್ತು ಕುಣಿಯುತ್ತಿದ್ದ ಹುಡುಗರ ಕಾಲು ನೆಲವನ್ನು ಉಜ್ಜುವ ಸದ್ದು ಮಾತ್ರ ಫೋನಿನಲ್ಲಿ ಸಿಕ್ಕಿದೆ.

ಇದನ್ನು ಯಾವ ಸಂಗೀತ ಶಾಲೆಯಲ್ಲೂ ಕಲಿಸಿಲ್ಲ. ಹಾಡಿದವರು ನಾಯಕರು, ಕುರುಬರು, ಮಾದಿಗರು, ಇಬ್ಬರೋ ಮೂವರೋ ಸಾಬರು. ಆದರೆ ಯಾವ ಜಾತಿಯವರು ಹಾಡಿದರು ಎಂದು ಎಣಿಸಿ ಸಂತೋಷಪಟ್ಟು ಅಲ್ಲಿಗೇ ನಿಲ್ಲಿಸುವುದು ನಮ್ಮ ಭಾವೈಕ್ಯದ ಭಾಷಣಗಳ ಚಾಳಿ. ಈ ಭಾಷಣಗಳಲ್ಲಿ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಬಂದೇ ಬರುತ್ತಾನೆ. ಅವನ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯ ಸ್ತುತಿ ಇದೆ ಎಂಬ ಮಾತು ಬರುತ್ತದೆ. ಸರಿಯೇ. ಆದರೆ ಆ ಪುಸ್ತಕದ ಹಾಡುಗಳ ತಲೆಯ ಮೇಲೆ ರಾಗದ ಹೆಸರುಗಳೂ ಇವೆ. ಆ ರಾಗಗಳು ಯಾವುವು, ದಖನಿ ಭಾಷೆಯ ಸಾಲು ಅವಕ್ಕೆ ಹೇಗೆ ಕೂತಿರಬಹುದು ಎಂದು ಕೇಳಿದ ಭಾಷಣಕಾರನನ್ನು ನಾನು ಇನ್ನೂ ಕಂಡಿಲ್ಲ. ಸಾಮರಸ್ಯದ ಸಾಕ್ಷಿಯಾಗಿ ಹಾಡನ್ನು ಕಟಕಟೆಯಲ್ಲಿ ನಿಲ್ಲಿಸಿದ ಮೇಲೆ ಅದನ್ನು ಹಾಡಾಗಿ ಯಾರೂ ಕೇಳುವುದಿಲ್ಲ. ಕಾಸೀಮನ ಪದ ಒಳ್ಳೆಯದಾಗಿರುವುದು ಹಿಂದೂಗಳು ಹಾಡಿದರು ಎಂಬ ಕಾರಣಕ್ಕಲ್ಲ. ಸೋಬಾನೆಯ ಮಟ್ಟಿನೊಳಗೆ ಶೋಕವೂ ಇದೆ ಎಂದು ಕಂಡುಕೊಂಡದ್ದಕ್ಕೆ.

ಇನ್ನೊಂದು ಕಡೆಯ ತಕರಾರು ನಮ್ಮ ಸಮುದಾಯದ ಒಳಗಿನದು. ಅಲಾಯಿ ಹಬ್ಬ ಇಸ್ಲಾಮಿನದಲ್ಲ, ಪಂಜಾ ಹೊರುವುದು ಶಿರ್ಕ್, ಹಾಡು ಕುಣಿತ ಬಿದಅತ್ ಎನ್ನುವವರು ಈಗ ಪ್ರತಿ ಊರಿನ ಮಸೀದಿಯಲ್ಲೂ ಇದ್ದಾರೆ. ಅವರ ಮಾತನ್ನು ಹಗುರ ಮಾಡಲಾರೆ. ಕತಲ್ ರಾತ್ರಿಯ ಹೆಸರಿನಲ್ಲಿ ಕುಡಿತ, ಹೊಡೆದಾಟ ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಬಿಡಿಸಲು ಹೊರಟವರು ತಪ್ಪು ಮಾಡುತ್ತಿಲ್ಲ. ಮಸೀದಿಯಲ್ಲಿ ಕನ್ನಡದಲ್ಲಿ ಪ್ರವಚನ ಕೇಳುವ, ಕನ್ನಡದಲ್ಲಿ ಕುರ್‌ಆನಿನ ಅನುವಾದ ಓದುವ ಹುಡುಗರು ಬಂದಿರುವುದೂ ಒಳ್ಳೆಯದೇ. ಆದರೆ ಒಂದು ವಿಷಯ ಅವರ ಗಮನಕ್ಕೆ ಬಂದಂತಿಲ್ಲ. ಅಚ್ಚಾದ ಅನುವಾದಗಳು ಬರುವುದಕ್ಕೆ ಎಷ್ಟೋ ಮುಂಚೆ ಹುಸೇನರ ಬಾಯಾರಿಕೆಯನ್ನು, ಫಾತಿಮಾರ ದುಃಖವನ್ನು ಈ ಸೀಮೆಯ ಕನ್ನಡದಲ್ಲಿ ಹೇಳಿದ್ದು ಈ ಅಕ್ಷರ ಬಾರದ ಹಾಡುಗಾರರು. ಹೊಲ, ಹಗರಿ, ಜಾಲಿಮುಳ್ಳು, ಬರ ಇವೆಲ್ಲ ಬರುವ ಕರ್ಬಲಾ ಅದು. ಆಚರಣೆಯನ್ನು ಬಿಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವಷ್ಟು ಇಲ್ಮು ನನಗಿಲ್ಲ. ಬಿಡುವವರು ಕೂಡ ಏನನ್ನು ಬಿಡುತ್ತಿದ್ದೇವೆ ಎಂದು ಒಮ್ಮೆ ಕೂತು ಕೇಳಿ ಬಿಡಲಿ ಎಂದಷ್ಟೇ ನನ್ನ ಮನವಿ.

ಅಂದ ಹಾಗೆ, ಸಂಗೀತವೇ ಬೇಡ ಎನ್ನುವವರ ಮೊಬೈಲಿನಲ್ಲಿ ನಾತ್ ಹಾಡುಗಳಿರುತ್ತವೆ. ವಾದ್ಯ ಬಾರಿಸಬಾರದು ಎಂದು ಝಿಕ್ರನ್ನೇ ಯಂತ್ರದಲ್ಲಿ ಕತ್ತರಿಸಿ ತಾಳದ ಹಾಗೆ ಹಿಂದೆ ಓಡಿಸುವ ನಾತ್‌ಗಳು ಒಂದಷ್ಟು ಕಾಲ ಎಲ್ಲೆಲ್ಲೂ ಇದ್ದವು. ಅಲ್ಲಾಹನ ಹೆಸರನ್ನು ತಬಲಾ ಮಾಡಿಕೊಳ್ಳುವುದಕ್ಕಿಂತ ಒಂದು ದಫ್ ಇಟ್ಟುಕೊಂಡಿದ್ದರೆ ಅದಬ್ ಉಳಿಯುತ್ತಿತ್ತು. ಸಂಗೀತ ಕೇಳುವುದು ಸರಿಯೇ ಎಂಬ ಜಗಳ ಹೊಸದಲ್ಲ. ಇಮಾಮ್ ಗಝಾಲಿಯವರು (1058–1111) ತಮ್ಮ 'ಇಹ್ಯಾ'ದಲ್ಲಿ ಸಮಾ ಕೇಳುವುದರ ಬಗ್ಗೆ ಒಂದು ಇಡೀ ಭಾಗವನ್ನೇ ಬರೆದಿದ್ದಾರೆ. ಯಾರು ಕೇಳುತ್ತಾರೆ, ಯಾವಾಗ, ಯಾರ ಜೊತೆ, ಕೇಳಿದ ಮೇಲೆ ಎದೆಯಲ್ಲಿ ಏನು ಏಳುತ್ತದೆ ಎಂದು ವಿಚಾರ ಮಾಡಿದ್ದಾರೆ. ಒಂದೇ ಏಟಿಗೆ ಹೌದು, ಅಲ್ಲ ಎಂದು ಮುಗಿಸಿಲ್ಲ.

ಈ ವಿಚಾರದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಈಜಿಪ್ಟಿನ ಉಮ್ಮು ಕುಲ್ಸೂಮ್. 1975ರಲ್ಲಿ ತೀರಿಕೊಂಡ ಈ ಹೆಣ್ಣುಮಗಳ ತಂದೆ ನೈಲ್ ನದಿಯ ಮುಖಜಭೂಮಿಯ ಹಳ್ಳಿಯೊಂದರಲ್ಲಿ ಇಮಾಮರಾಗಿದ್ದರು. ಅವಳು ಮೊದಲು ಕಲಿತದ್ದು ಕುರ್‌ಆನ್ ಪಠಣವನ್ನು. ಮದುವೆ ಹಬ್ಬಗಳಲ್ಲಿ ತಂದೆಯ ಜೊತೆ ಧಾರ್ಮಿಕ ಹಾಡು ಹೇಳಲು ಹೋಗುವಾಗ ಅವಳಿಗೆ ಹುಡುಗನ ಉಡುಪು ತೊಡಿಸುತ್ತಿದ್ದರು. ಮುಂದೆ ತಿಂಗಳ ಮೊದಲ ಗುರುವಾರ ರಾತ್ರಿ ಅವಳ ಕಚೇರಿ ರೇಡಿಯೋದಲ್ಲಿ ಬಂದರೆ ಅರಬ್ ನಾಡುಗಳು ಕಿವಿಗೊಟ್ಟು ಕೂರುತ್ತಿದ್ದವು. ನನಗೆ ಅರಬಿ ಅಷ್ಟಾಗಿ ತಿಳಿಯದು. ಆದರೆ ಒಂದೇ ಸಾಲನ್ನು ಅವಳು ಐದು ಸಲ, ಹತ್ತು ಸಲ ಹೇಳುವುದು, ಪ್ರತಿ ಸಲವೂ ಬೇರೆ ಪದಕ್ಕೆ ಒತ್ತು ಕೊಡುವುದು, ಜನ ಅಲ್ಲಾ ಅಲ್ಲಾ ಎಂದು ಕೂಗಿ ಮತ್ತೆ ಹೇಳಿಸುವುದು ತಿಳಿಯುತ್ತದೆ. ಅಕ್ಷರದ ಉಚ್ಚಾರ ಅಷ್ಟು ಸ್ಪಷ್ಟವಾಗಿರುವುದು ಮದರಸಾದ ಪಾಠದಿಂದ ಎಂದು ಅವಳ ಸಂಗೀತ ಬಲ್ಲವರೆಲ್ಲ ಹೇಳುತ್ತಾರೆ. ರಿವಾಯತ್ ಮೇಳದ ಎರಡನೇ ಗುಂಪು ಸಾಲಿನ ಬಾಲ ಹಿಡಿದು ಮತ್ತೆ ಹೇಳುವುದನ್ನು ಬರಿಯ ಪುನರುಕ್ತಿ ಎಂದುಕೊಳ್ಳದೆ ಕೇಳಲು ಅವಳು ನನಗೆ ನೆರವಾದಳು.

ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಹೋಗುವ ಗಾಡಿಗಳಲ್ಲಿ ಚೌಡಿಕೆಯ ಸದ್ದು ಇರುತ್ತದೆ. ಚೌಡಿಕೆ ನೋಡಲು ಬಡ ವಾದ್ಯ. ಒಂದು ಮರದ ಕೊಳಗ, ಒಂದು ಕಡೆ ಚರ್ಮ, ಒಂದು ತಂತಿ. ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಮೀಟುತ್ತ, ಬಿಗಿ ಮಾಡುತ್ತ ಸಡಿಲ ಬಿಡುತ್ತ ಸ್ವರವನ್ನು ಜಗ್ಗುತ್ತಾರೆ. ಅದು ಹಾಡಿಗೆ ಜೊತೆ ಕೊಡುವುದಿಲ್ಲ, ಹಾಡಿನ ಜೊತೆ ಮಾತಾಡುತ್ತದೆ, ಕೆಲವು ಸಲ ಎದುರುತ್ತರ ಕೊಡುತ್ತದೆ. ಎಲ್ಲಮ್ಮನ ಕಥೆ ಹೇಳುವ ಜೋಗತಿಯರ ಕಂಠ ಸಿನಿಮಾ ಕೇಳಿದ ಕಿವಿಗೆ ಮೊದಲು ಒರಟಾಗಿ ಕಾಣುತ್ತದೆ. ಮೂರನೆಯ ಸಲಕ್ಕೆ ಆ ಒರಟಿನಲ್ಲೇ ರೇಣುಕೆಯ ಕಥೆ ನಿಂತಿದೆ ಎಂದು ಗೊತ್ತಾಗುತ್ತದೆ. ಮಂಜಮ್ಮ ಜೋಗತಿ ಈ ಸೀಮೆಗೆ ಹತ್ತಿರದ ಮರಿಯಮ್ಮನಹಳ್ಳಿಯವರು. ಕಾಳವ್ವ ಜೋಗತಿಯ ಕೈಯಲ್ಲಿ ಕಲಿತು, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಆ ಚಿತ್ರವನ್ನು ನೋಡಿದವರಲ್ಲಿ ನೂರಕ್ಕೆ ಒಬ್ಬರಾದರೂ ಅವರ ಹಾಡನ್ನು ಪೂರ್ತಿ ಕೇಳಿದ್ದಾರೆಯೇ ಎಂಬುದು ಅನುಮಾನ.

ಚೌಡಿಕೆಯನ್ನು ಮೆಚ್ಚಿ ಬರೆಯುವಾಗ ಕೈ ತಡೆಯುತ್ತದೆ. ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ಎಷ್ಟು ಮನೆಗಳನ್ನು ತಿಂದಿದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. 1982ರ ಕಾನೂನು ಅದನ್ನು ನಿಷೇಧಿಸಿತು, ಸರಿಯಾಗಿಯೇ ನಿಷೇಧಿಸಿತು. ಹಾಡು ಉಳಿಯಲಿ ಎಂದು ಪದ್ಧತಿ ಉಳಿಯಬೇಕೆನ್ನುವವನು ಸಂಗೀತಪ್ರೇಮಿಯಲ್ಲ, ಕ್ರೂರಿ. ಹಾಗಾದರೆ ಹಾಡು? ವೇದಿಕೆಯ ಮೇಲೆ ಹತ್ತು ನಿಮಿಷದ ಪ್ರದರ್ಶನವಾಗಿ ಅದು ಉಳಿದಿದೆ. ಹತ್ತು ನಿಮಿಷಕ್ಕೆ ಹೊಂದಿಸುವಾಗ ಕಥೆ ಹೋಗಿ ಕುಣಿತ ಉಳಿಯುತ್ತದೆ, ತಲೆಯ ಮೇಲೆ ಕೊಡ ಹೊತ್ತು ತಿರುಗುವುದು ಉಳಿಯುತ್ತದೆ. ಸಂಡೂರು ತಾಲೂಕಿನ ದರೋಜಿ ಈರಮ್ಮ ಬುರ್ರಕಥೆಯ ಕಾವ್ಯಗಳನ್ನು ರಾತ್ರಿಗಟ್ಟಲೆ ಹೇಳುತ್ತಿದ್ದವರು. 2014ರಲ್ಲಿ ಅವರು ಹೋದರು. ಅವರ ಕೆಲವು ಕಥನಗಳಾದರೂ ಪುಸ್ತಕವಾದವು. ಚೌಡಿಕೆಯವರ ರಾತ್ರಿಗಳಿಗೆ ಆ ಭಾಗ್ಯವೂ ಅಷ್ಟಾಗಿ ಸಿಕ್ಕಿಲ್ಲ.

ಮಾಲಿ ದೇಶದ ಅಲಿ ಫರ್ಕಾ ತೂರೆ (1939–2006) ನನಗೆ ಸಿಕ್ಕಿದ್ದು ಚೌಡಿಕೆಯ ದಾರಿಯಲ್ಲೇ. ನೈಜರ್ ನದಿಯ ದಂಡೆಯ ನಿಯಾಫುಂಕೆ ಎಂಬ ಊರಿನ ಈ ಮುಸ್ಲಿಂ ರೈತ ಹುಡುಗನಾಗಿದ್ದಾಗ ಮೊದಲು ನುಡಿಸಿದ್ದು ಒಂದೇ ತಂತಿಯ ವಾದ್ಯವನ್ನು. ಗಿಟಾರ್ ಹಿಡಿದದ್ದು ಆಮೇಲೆ. ಹಿಡಿದ ಮೇಲೂ ಅದನ್ನು ಒಂಟಿ ತಂತಿಯ ಹಾಗೇ ನುಡಿಸಿದ. ಅಮೆರಿಕದ ರೈ ಕೂಡರ್ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' (1994) ಜಗತ್ತಿನ ದೊಡ್ಡ ಪ್ರಶಸ್ತಿ ತಂದುಕೊಟ್ಟಿತು. ಆದರೂ ತಾನು ಮೊದಲು ರೈತ, ಆಮೇಲೆ ಹಾಡುಗಾರ ಎನ್ನುತ್ತಿದ್ದ. 2004ರಲ್ಲಿ ಅದೇ ಊರಿನ ಮೇಯರ್ ಆದ. ಅವನ ಹಾಡಿನಲ್ಲಿ ಒಂದು ಸಣ್ಣ ಮಟ್ಟು ಸುತ್ತಿ ಸುತ್ತಿ ಬರುತ್ತದೆ, ಏತದ ಹಾಗೆ. ಅದಕ್ಕೆ ಎಲ್ಲಿಗೂ ಹೋಗುವ ಅವಸರವಿಲ್ಲ. ಕಪ್ಪು ಅಮೆರಿಕನ್ನರ ಬ್ಲೂಸ್ ಹಾಡಿಗೆ ಇದು ಹೋಲುತ್ತದೆ ಎಂದು ಪಶ್ಚಿಮದವರು ಬೆರಗಾದರು. ಅದು ಇಲ್ಲಿಂದ ಅಲ್ಲಿಗೆ ಹೋದದ್ದು ಎಂದು ಅವನು ತಿದ್ದಿದ. ಕೂಡ್ಲಿಗಿಯ ಕೆಂಪು ಮಸಾರಿಯಲ್ಲಿ ಶೇಂಗಾ ಕೀಳುವ ಹೊತ್ತಿಗೆ ಇವನನ್ನು ಕೇಳಿ ನೋಡಿ. ಭಾಷೆ ಸೊಂಘಾಯ್ ಎಂಬುದು ಮರೆತುಹೋಗುತ್ತದೆ.

ಹಡಗಲಿ ತಾಲೂಕಿನ ಮೈಲಾರದ ಬಗ್ಗೆ ಒಂದೇ ಮಾತು. ಅಲ್ಲಿ ಗೊರವರ ಡಮರು, ಗಂಟೆ, ಕೊಳಲು ಎಲ್ಲ ಇವೆ. ಆದರೆ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಲಕ್ಷಾಂತರ ಜನ ಒಮ್ಮೆಲೇ ಸುಮ್ಮನಾಗುವುದಕ್ಕಿಂತ ದೊಡ್ಡ ಸಂಗೀತ ಆ ಜಾತ್ರೆಯಲ್ಲಿಲ್ಲ. ಮರಾಠಿ ಸೀಮೆಯಲ್ಲಿ ಇದೇ ದೇವರಿಗೆ ಮಲ್ಲೂಖಾನ್ ಎಂಬ ಹೆಸರೂ ಉಂಟು.

ಹಡಗಲಿಯ ಹೆಸರು ಬಂದಮೇಲೆ ನಾಟಕ ಬಿಡುವಂತಿಲ್ಲ. ಎಂ.ಪಿ. ಪ್ರಕಾಶರ (1940–2011) ರಂಗಭಾರತಿ ಅಲ್ಲಿ ಹೊಸ ನಾಟಕಗಳ ರುಚಿ ಹಚ್ಚಿತು. ಆದರೆ ಹಳ್ಳಿಗಳಲ್ಲಿ ನಡೆದದ್ದು, ನಡೆಯುತ್ತಿರುವುದು ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ', 'ಕುರುಕ್ಷೇತ್ರ'ಗಳೇ. ಸುಗ್ಗಿ ಮುಗಿದ ಮೇಲೆ ಊರ ಹುಡುಗರು ಪಾರ್ಟು ಹಂಚಿಕೊಳ್ಳುತ್ತಾರೆ, ಮರಿಯಮ್ಮನಹಳ್ಳಿಯಿಂದ ನಟಿಯರು ಬರುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಉಳಿದು ಕಲಿಸುತ್ತಾರೆ. 2020ರಲ್ಲಿ ತೀರಿಕೊಂಡ ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ದ್ರೌಪದಿಯ ಒಂದು ತುಣುಕು ಕೇಳಿದೆ. ಮಾತು ಎಲ್ಲಿ ಮುಗಿದು ರಂಗಗೀತೆ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ. ಮೈಕಿಲ್ಲದ ಕಾಲದ ಗಂಟಲು ಅದು. ಹಾರ್ಮೋನಿಯಂ ಭಾರತೀಯ ಸ್ವರಕ್ಕೆ ಹೊಂದದು ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಒಳಗೆ ಬಿಟ್ಟಿರಲಿಲ್ಲ. ಆ ಮೂವತ್ತು ವರ್ಷವೂ ನಮ್ಮ ಹಳ್ಳಿಯ ರಂಗದಲ್ಲಿ ಅದೇ ದೊರೆ. ರೇಡಿಯೋದವರ ಶಾಸ್ತ್ರ ಸರಿಯಿದ್ದಿರಬಹುದು. ಆದರೆ ಭೀಮನ ಆರ್ಭಟಕ್ಕೆ ತಂಬೂರಿ ಸಾಲುತ್ತಿರಲಿಲ್ಲ.

ಇನ್ನು ಆ ಮೂರು ನಿಮಿಷದ ಮುದ್ರಿಕೆಗಳು. ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಝಿಂಝೋಟಿಯಲ್ಲಿ ಹಾಡಿದ ಠುಮ್ರಿಯನ್ನು ಗದಗಿನ ಅಂಗಡಿಯಲ್ಲಿ ಕೇಳಿ ಭೀಮಸೇನ ಜೋಶಿ ಎಂಬ ಹುಡುಗ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಗೊತ್ತಿರುವ ಕಥೆಯಿಂದಾಗಿಯೇ ಬಹಳ ಜನ ಹಾಡನ್ನು ಕೇಳುವುದಿಲ್ಲ. ನಾನು ಈಗ ಕೇಳಿದಾಗ ಬೆರಗು ಹುಟ್ಟಿಸಿದ್ದು ಖಾನ್‌ಸಾಹೇಬರ ದನಿಯ ಸಣ್ಣತನ. ಗಂಡಸಿನ ದನಿ ಎಂದರೆ ಗುಡುಗಬೇಕು ಎಂಬ ನಮ್ಮ ನಾಟಕದ ಕಿವಿಗೆ ಅದು ಅಳುವಿಗೆ ಹತ್ತಿರದ ದನಿ. ಸ್ವರದ ಮೇಲೆ ಕೂರುವುದಿಲ್ಲ, ಸ್ವರದ ಅಂಚಿಗೆ ಒರಗುತ್ತದೆ. ರಿವಾಯತ್ ಮೇಳದ ಮುಂದಾಳು ಕಾಸೀಮನ ಸಾವಿನ ಸಾಲನ್ನು ಕೆಳಗೆ ಇಳಿಸುವ ರೀತಿಗೂ ಇದಕ್ಕೂ ಯಾವ ವಂಶಾವಳಿಯ ಸಂಬಂಧವೂ ಇಲ್ಲ, ಕಟ್ಟಲೂ ಹೋಗುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದಾಗ ಎದೆಯ ಒಂದೇ ಜಾಗಕ್ಕೆ ತಾಗುತ್ತವೆ ಎಂಬುದಷ್ಟೇ ನನ್ನ ಅನುಭವ. ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದ ಖಾನ್‌ಸಾಹೇಬರು ಅಲ್ಲೇ ಹಾಸಿಗೆ ಹಾಸಿಸಿ, ದರ್ಬಾರಿ ರಾಗದಲ್ಲಿ ಕಲಿಮಾ ಹೇಳುತ್ತ ಪ್ರಾಣಬಿಟ್ಟರು ಎನ್ನುತ್ತಾರೆ. ಮೀರಜಿನ ಖ್ವಾಜಾ ಶಮ್ನಾ ಮೀರಾ ದರ್ಗಾದ ಅಂಗಳದಲ್ಲಿ ಅವರ ಗೋರಿಯಿದೆ.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯನ್ನು ಕೇಳಿದ್ದು ತರೀಕೆರೆಯವರು ಆಕೆಯ ಬಗ್ಗೆ ಬರೆದ ಪುಸ್ತಕದ ದೆಸೆಯಿಂದ. 1943ರ 'ಕಿಸ್ಮತ್' ಚಿತ್ರ ಕಲಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ್ ಬಿಸ್ವಾಸರ ಆ ಹಾಡುಗಳಲ್ಲಿ ಹೆಚ್ಚಿನವನ್ನು ಹಾಡಿದ್ದು ಕೃಷ್ಣಾ ತೀರದ ಸೀಮೆಯ ಈ ಕನ್ನಡದ ಹೆಣ್ಣು. ಕೆಲವೇ ವರ್ಷಗಳಲ್ಲಿ ಲತಾ ಮಂಗೇಶ್ಕರರ ತೆಳು ದನಿ ಬಂದು ಇಡೀ ದೇಶದ ಕಿವಿಯನ್ನೇ ಬದಲಿಸಿತು. ಅಮೀರ್‌ಬಾಯಿಯಂಥವರ ತುಂಬುಗಂಠ ಹಳತಾಯಿತು. 1965ರಲ್ಲಿ ಆಕೆ ತೀರಿಕೊಂಡರು. ಆ ಕಂಠದ ಗುಣ ಈಗಲೂ ಎಲ್ಲಿಯಾದರೂ ಇದ್ದರೆ ಅದು ನಮ್ಮ ಕಂಪನಿ ನಾಟಕದ ಹೆಂಗಸರಲ್ಲಿ, ಜೋಗತಿಯರಲ್ಲಿ ಇದೆ. ಲತಾರನ್ನು ಕೇಳಿ ಬೆಳೆದ ಕಿವಿ ಚೌಡಿಕೆಯವರನ್ನು ಒರಟು ಎನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈಚಿನ ವರ್ಷಗಳಲ್ಲಿ ಅಲಾಯಿ ಮೆರವಣಿಗೆಗೂ ಡಿಜೆ ಬಂದಿದೆ. ಗಣಪತಿಗೆ ತಂದ ಪೆಟ್ಟಿಗೆಗಳೇ ಇದಕ್ಕೂ ಬರುತ್ತವೆ, ಬಾಡಿಗೆಯೂ ಒಂದೇ. ಡಿಜೆ ಹಾಕಿದ ಓಣಿಯಲ್ಲಿ ಹೆಜ್ಜೆಮೇಳದವರು ಹಾಡುವುದಿಲ್ಲ. ಹಾಡಿದರೂ ಕೇಳಿಸುವುದಿಲ್ಲ. ಧರ್ಮದ ತಕರಾರಿಗಿಂತ ಬೇಗ ಈ ಪೆಟ್ಟಿಗೆ ಪದವನ್ನು ಮುಗಿಸುವಂತೆ ಕಾಣುತ್ತದೆ.

ಕಾಸೀಮನ ಪದ ಹಾಡಿದ ಮೇಳದ ಮುಂದಾಳನ್ನು ನೋಡಿಬಂದೆ. ಎಪ್ಪತ್ತು ದಾಟಿದ ಬೇಡರ ಹಿರಿಯ. ಎರಡು ಎಕರೆ ಹೊಲ, ನಾಲ್ಕು ಮೇಕೆ. ಪದ ಬರೆದಿಟ್ಟ ಎರಡು ಲೆಕ್ಕದ ಪುಸ್ತಕಗಳು ಬಟ್ಟೆಯಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿದ್ದವು. ಒಂದು ಅವರ ಅಪ್ಪನ ಕೈಬರಹ, ಅಂಚು ಇಲಿ ತಿಂದಿದೆ. ಜೆರಾಕ್ಸ್ ಮಾಡಿಸಿ ಸಂಜೆಗೆ ತಂದುಕೊಡುತ್ತೇನೆ ಎಂದೆ. ಒಪ್ಪಲಿಲ್ಲ. 'ಬುಕ್ಕು ಹೊಚ್ಚಲ ದಾಟಂಗಿಲ್ರೀ ಮೇಷ್ಟ್ರೇ. ನಿಮಗೆ ಬೇಕಂದ್ರ ಅಲಾಯಿ ದೇವ್ರು ಕುಂತಾಗ ಬರ್ರಿ. ಐದ್ನೇ ದಿನದಿಂದ ಹಾಡ್ತೀವಿ. ಕುಂತು ಬರಕಳ್ರಿ' ಅಂದರು. ಮೇಳದಲ್ಲಿ ಈಗ ಎಷ್ಟು ಜನ ಇದ್ದೀರಿ ಎಂದು ಕೇಳಿದೆ. ಮೊದಲು ಹದಿನಾರು, ಈಗ ಒಂಬತ್ತು, ಅದರಲ್ಲಿ ಇಬ್ಬರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಹಬ್ಬಕ್ಕೆ ಬಂದರೆ ಉಂಟು ಎಂದರು. ಐದನೇ ದಿನಕ್ಕೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.